ವಿಮಾನದ ತಂತಿಗೆ ಎಂಥ ಜಾಯಿಂಟ್?



ಅಫಜಲಪುರ ತಾಲ್ಲೂಕಿನ ಕರಜಗಿಯ ಸುತ್ತಮುತ್ತಲಿನವರಿಗೆ ತಂತಿ ಜೋಡಿಸುವುದು, ಅಂದರೆ ನಮ್ಮ ಬಾಯಲ್ಲಿ ‘ಜಾಯಿಂಟ್’ ಹಾಕುವುದು, ಹೊಸ ಸಂಗತಿಯೇನಲ್ಲ. ಕೊಳವೆ ಬಾವಿಗೆ ಪಂಪು ಇಳಿಸುವಾಗ ಮೆಕ್ಯಾನಿಕ್ ಮೋಟಾರಿನ ತಂತಿಯನ್ನೂ ಉದ್ದನೆಯ ಕೇಬಲ್ಲನ್ನೂ ಹೊಸೆದು, ಟೇಪು ಸುತ್ತಿ, ಅದರ ಮೇಲೆ ಮತ್ತೊಂದು ಸುತ್ತು ಹಾಕಿ ನೀರಿಗೆ ಬಿಡುವುದನ್ನು ನೀವು ನೋಡಿರುತ್ತೀರಿ. ಆ ಜಾಯಿಂಟ್ ಕೆಟ್ಟರೆ ಪಂಪನ್ನು ಮೇಲೆತ್ತಬೇಕು. ಒಂದು ದಿನದ ಕೆಲಸ, ಒಂದಿಷ್ಟು ಖರ್ಚು, ಕಬ್ಬಿಗೆ ಒಂದು ನೀರು ತಪ್ಪಬಹುದು. ಅದೇ ಜಾಯಿಂಟ್ ಮೂರು ಸಾವಿರ ಅಡಿ ಎತ್ತರದಲ್ಲಿ, ಪುಟ್ಟ ವಿಮಾನವೊಂದರ ಒಳಗೆ ಬಿಟ್ಟುಕೊಂಡರೆ?

ವಿಮಾನವನ್ನು ಮನೆಯ ಷೆಡ್ಡಿನಲ್ಲೇ ಕಟ್ಟುವ ಹವ್ಯಾಸಿಗಳು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಅಮೆರಿಕದ ಬರ್ಟ್ ರುಟಾನ್ ಅಂಥವರಿಗೆಂದೇ ‘ಲಾಂಗ್-ಈಝೀ’ ಎಂಬ ವಿಮಾನವನ್ನು ರೂಪಿಸಿದರು. ನಮ್ಮ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ಅದೇ ವಿನ್ಯಾಸವನ್ನು ಆಧರಿಸಿ 1980ರ ದಶಕದಲ್ಲಿ ಒಂದು ಹಗುರ ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. ಮುಂದೆ ಇದೇ ಸಂಸ್ಥೆಯ ತರಬೇತಿ ವಿಮಾನ ‘ಹಂಸ’ 1993ರಲ್ಲಿ ಮೊದಲು ಹಾರಿತು. ಇವುಗಳ ಮೈ ಲೋಹದ್ದಲ್ಲ, ಗಾಜಿನ ನಾರು ಮತ್ತು ರಾಳದ್ದು.

ಇದರಿಂದ ತಂತಿಗೇನು ಸಂಬಂಧ ಎನ್ನುತ್ತೀರಾ? ಟ್ರ್ಯಾಕ್ಟರಿನ ದೀಪವನ್ನು ನೆನಪಿಸಿಕೊಳ್ಳಿ. ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ. ವಿದ್ಯುತ್ತು ಹಿಂದಿರುಗುವುದು ಟ್ರ್ಯಾಕ್ಟರಿನ ಕಬ್ಬಿಣದ ಮೈಯ ಮೂಲಕ. ಗಾಜಿನ ನಾರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಹೀಗಾಗಿ ಅಲ್ಲಿ ಪ್ರತಿಯೊಂದು ದೀಪಕ್ಕೂ ಉಪಕರಣಕ್ಕೂ ಮರಳಿ ಬರುವ ತಂತಿಯನ್ನು ಬೇರೆಯಾಗಿಯೇ ಎಳೆಯಬೇಕು. ತಂತಿ ಹೆಚ್ಚಿದಷ್ಟೂ ಜಾಯಿಂಟ್ ಹಾಕುವ ಸಂದರ್ಭವೂ ಹೆಚ್ಚು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸಡಿಲವಾದ ಜಾಯಿಂಟಿನ ರೋಧ 0.1 ಓಮ್ ಎಂದಿಟ್ಟುಕೊಳ್ಳಿ. ಬಹಳ ಕಡಿಮೆ ಎನಿಸುತ್ತದೆ. ಅದರಲ್ಲಿ 10 ಆಂಪಿಯರ್ ಹರಿದರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: 100 × 0.1 = 10 ವಾಟ್. ಜೋಳದ ಕಾಳಿನಷ್ಟು ಜಾಗದಲ್ಲಿ 10 ವಾಟ್ ಶಾಖ! ಶಾಖದಿಂದ ತಾಮ್ರದ ಮೇಲೆ ಕಿಲುಬು ಕಟ್ಟುತ್ತದೆ, ಕಿಲುಬಿನಿಂದ ರೋಧ ಹೆಚ್ಚುತ್ತದೆ, ರೋಧದಿಂದ ಶಾಖ ಇನ್ನೂ ಹೆಚ್ಚುತ್ತದೆ. 1998ರ ಸೆಪ್ಟೆಂಬರ್ 2ರಂದು ಕೆನಡಾದ ಕರಾವಳಿಯ ಬಳಿ ಸ್ವಿಸ್‌ಏರ್ 111 ವಿಮಾನ ಬಿದ್ದು 229 ಜನ ಸತ್ತರು. ತಂತಿಯ ಹೊದಿಕೆ ಕೆಟ್ಟು ಹಾರಿದ ಕಿಡಿಯಿಂದ ಬೆಂಕಿ ಹತ್ತಿರಬೇಕೆಂದು ತನಿಖೆ ಹೇಳಿತು. ದೊಡ್ಡ ವಿಮಾನದಲ್ಲೂ ತಂತಿ ಸಣ್ಣ ಸಂಗತಿಯಲ್ಲ.

ಹಾಗಾದರೆ ಯಾವ ವಿಧಾನ ಆರಿಸಬೇಕು? ಬರೀ ಹೊಸೆದು ಟೇಪು ಸುತ್ತುವುದನ್ನು ಮೊದಲೇ ಬಿಟ್ಟುಬಿಡಿ; ಎಂಜಿನ್ನಿನ ಅದುರುವಿಕೆಗೆ ಹೊಸೆತ ಸಡಿಲುತ್ತದೆ, ಬಿಸಿಗೆ ಟೇಪಿನ ಅಂಟು ಜಾರುತ್ತದೆ. ಉಳಿಯುವುದು ಎರಡು: ಬೆಸುಗೆ ಮತ್ತು ಕ್ರಿಂಪ್.

ಬೆಸುಗೆ ನೋಡಲು ಭದ್ರ, ವಿದ್ಯುತ್ತಿಗೂ ಸಲೀಸು. ಆದರೆ ಕರಗಿದ ತವರ-ಸೀಸ ತಂತಿಯ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ, ಏರುತ್ತದೆ. ಏರಿದಷ್ಟು ದೂರ ತಂತಿ ಕಡ್ಡಿಯಂತೆ ಸೆಟೆಯುತ್ತದೆ. ಸೆಟೆದ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವಲ್ಲಿ, ಅದುರಿ ಅದುರಿ, ಒಂದೊಂದೇ ಎಳೆ ಮುರಿಯುತ್ತದೆ. ಆದ್ದರಿಂದ ಬೆಸೆದ ಜಾಗದ ಎರಡೂ ಬದಿಗೆ ಆಧಾರ ಬೇಕು. ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ತಂತಿಯನ್ನು ಅಲುಗಾಡದಂತೆ ಕಟ್ಟಬೇಕು. ಬೆಸೆಯುವಾಗ ಆಮ್ಲದ ಪೇಸ್ಟ್ ಬೇಡ, ಅದು ತಾಮ್ರವನ್ನು ತಿನ್ನುತ್ತದೆ; ರಾಳದ ಫ್ಲಕ್ಸ್ ಸಾಕು.

ಕ್ರಿಂಪ್ ಎಂದರೆ ಲೋಹದ ಪುಟ್ಟ ಕೊಳವೆಯೊಳಗೆ ಎರಡೂ ತಂತಿಗಳನ್ನು ತೂರಿಸಿ ಒತ್ತುವುದು. ಒತ್ತಡ ಸರಿಯಾಗಿದ್ದರೆ ಎಳೆಗಳ ನಡುವೆ ಗಾಳಿಗೂ ಜಾಗವಿರುವುದಿಲ್ಲ, ಕಿಲುಬು ಕಟ್ಟುವುದಿಲ್ಲ. ಆದರೆ ಮನೆಯ ಇಕ್ಕಳದಿಂದ ಚಪ್ಪಟೆ ಮಾಡಿದ್ದು ಕ್ರಿಂಪ್ ಆಗದು. ಪೂರ್ತಿ ಒತ್ತುವವರೆಗೆ ಬಿಡದ ಹಲ್ಲಿನ ಉಪಕರಣವೇ ಬೇಕು. ಕೊಳವೆಯ ಅಳತೆ ತಂತಿಯ ಗೇಜಿಗೆ ಹೊಂದಬೇಕು. ಹೊದಿಕೆಯನ್ನೂ ಹಿಡಿಯುವ, ಅಂಟುಳ್ಳ ಕುಗ್ಗುವ ಕೊಳವೆಯಿಂದ ಮುಚ್ಚುವ ಜಾತಿಯದು ಉತ್ತಮ. ಹವ್ಯಾಸಿಗೆ ನಾನು ಹೇಳುವುದು ಇದನ್ನೇ: ಕೈಚಳಕವನ್ನು ಕಡಿಮೆ ನೆಚ್ಚಿಕೊಂಡಿರುವ ವಿಧಾನ ಇದು.

ಎಲ್ಲಕ್ಕಿಂತ ಒಳ್ಳೆಯ ಜಾಯಿಂಟ್ ಹಾಕದೇ ಇರುವ ಜಾಯಿಂಟ್. ತುಂಡು ತಂತಿ ಉಳಿಸುವ ಆಸೆಗೆ ಜೋಡಿಸುವುದು ವಿಮಾನದಲ್ಲಿ ನಿಷಿದ್ಧ. ಹೊಸ ತಂತಿಯನ್ನೇ ಎಳೆಯಬೇಕು. ತಪ್ಪದಿದ್ದರೆ, ಕಟ್ಟಿನೊಳಗಿನ ಜಾಯಿಂಟ್‌ಗಳು ಒಂದೇ ಕಡೆ ಗುಂಪಾಗದಂತೆ ಹಿಂದುಮುಂದಾಗಿ ಇಡುತ್ತಾರೆ. ಇಲ್ಲವಾದರೆ ಅಲ್ಲಿ ಕಟ್ಟು ಉಬ್ಬುತ್ತದೆ, ಒಂದರ ದೋಷ ಪಕ್ಕದ್ದಕ್ಕೂ ತಗಲುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು, ಕರೆಂಟಿನ ಗೊಡವೆ ಬೇಡ. ಒಂದೇ ಬಗೆಯ ಎಳೆತಂತಿಯ ಎರಡು ತುಂಡು ತೆಗೆದುಕೊಂಡು ಹೊದಿಕೆ ಸುಲಿಯಿರಿ. ಒಂದರ ಅರ್ಧಕ್ಕೆ ಬೆಸುಗೆ ಹಿಡಿಸಿ, ಮತ್ತೊಂದನ್ನು ಹಾಗೆಯೇ ಬಿಡಿ. ಬೆಸುಗೆಯ ಅಂಚಿನಲ್ಲಿ ಅದನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಾ ಎಣಿಸಿ. ಎಷ್ಟನೆಯ ಬಾಗಿಗೆ, ಯಾವ ಜಾಗದಲ್ಲಿ ತುಂಡಾಯಿತೆಂದು ಬರೆದುಕೊಳ್ಳಿ. ಆಮೇಲೆ ಇನ್ನೊಂದನ್ನೂ ಹಾಗೆಯೇ ಬಾಗಿಸಿ ಎಣಿಸಿ.