ಚಿಪ್ಸ್ ಪೊಟ್ಟಣ ಮತ್ತು ಮಕ್ಕಳ ಪೋಷಣೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಳಿಗ್ಗೆ ಬೇಗನೆ ಕೂಲಿಗೆ ಹೊರಡುವ ತಾಯಿ ಮಗುವಿನ ಕೈಗೆ ಹತ್ತು ರೂಪಾಯಿ ಕೊಟ್ಟು ಹೋಗುತ್ತಾಳೆ. ಶಾಲೆಯ ಮುಂದಿನ ಅಂಗಡಿಯಲ್ಲಿ ಆ ಹಣ ಮಸಾಲೆ ಚಿಪ್ಸ್ ಪೊಟ್ಟಣವಾಗುತ್ತದೆ. ಎಷ್ಟೋ ದಿನ ಮಗುವಿನ ಉಪಾಹಾರ ಅದೊಂದೇ. ಆ ಪೊಟ್ಟಣದಲ್ಲಿ ಏನಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ದೋಷ ಆಲೂಗಡ್ಡೆಯದಲ್ಲ. ಹಾಸನದ ಕಡೆಯ ರೈತರು ಬೆಳೆಯುವ ಈ ಗಡ್ಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರಿದೆ. ಪೊಟ್ಯಾಷಿಯಂ ಮತ್ತು ಸಿ ಜೀವಸತ್ವ ಇವೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೇಯಿಸಿದ 100 ಗ್ರಾಂ ಆಲೂಗಡ್ಡೆಯಿಂದ ಸುಮಾರು 85 ಕಿಲೋ ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಅದನ್ನೇ ತೆಳುವಾಗಿ ಹೆಚ್ಚಿ ಕಾದ ಎಣ್ಣೆಯಲ್ಲಿ ಕರಿದಾಗ ನೀರು ಆವಿಯಾಗಿ, ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಹೀಗಾಗಿ 100 ಗ್ರಾಂ ಚಿಪ್ಸ್‌ನಲ್ಲಿ ಸುಮಾರು 540 ಕಿಲೋ ಕ್ಯಾಲೊರಿ ಇದ್ದು, ತೂಕದ ಮೂರನೆಯ ಒಂದು ಪಾಲು ಎಣ್ಣೆಯೇ ಆಗಿರುತ್ತದೆ. 25 ಗ್ರಾಂ ಪೊಟ್ಟಣವೊಂದನ್ನು ತಿಂದ ಮಗು ಹೆಚ್ಚುಕಡಿಮೆ ಎರಡು ಟೀ ಚಮಚ ಎಣ್ಣೆ ಸೇವಿಸಿದಂತೆ. ಅದರಲ್ಲಿ ಪ್ರೋಟೀನ್ ಎರಡು ಗ್ರಾಂನಷ್ಟೂ ಇಲ್ಲ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ.

ಇನ್ನು ಉಪ್ಪಿನ ವಿಚಾರ. ವಯಸ್ಕರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಪ್ರಮಾಣವನ್ನು ಮುದ್ರಿಸಿದ್ದರೆ, ಅದನ್ನು ಎರಡೂವರೆಯಿಂದ ಗುಣಿಸಿದಾಗ ಉಪ್ಪಿನ ಲೆಕ್ಕ ಸಿಗುತ್ತದೆ. ಹುಳಿ, ಖಾರದ ಮಸಾಲೆಯ ನಡುವೆ ನಾಲಿಗೆಗೆ ಈ ಉಪ್ಪು ತಿಳಿಯುವುದಿಲ್ಲ. ಕರಿದ ತಿಂಡಿಯಿಂದ ಹಸಿವು ಅಡಗಿದ ಮಗು ಮಧ್ಯಾಹ್ನದ ಬಿಸಿಯೂಟವನ್ನು ತಟ್ಟೆಯಲ್ಲೇ ಬಿಡುತ್ತದೆ. ನಿಜವಾದ ನಷ್ಟ ಅಲ್ಲಿದೆ.

ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲಾ ಆವರಣದಲ್ಲಿ ಹಾಗೂ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತೆಯ 2020ರ ನಿಯಮಾವಳಿ ತಿಳಿಸುತ್ತದೆ. ಅಂಗಡಿಯವರೂ ನಮ್ಮ ಊರಿನವರೇ. ಅವರ ಜೀವನವೂ ನಡೆಯಬೇಕು. ಆದ್ದರಿಂದ ಮೊದಲು ಕರೆದು ಮಾತನಾಡೋಣ. ಸ್ವಸಹಾಯ ಸಂಘದ ಮಹಿಳೆಯರು ತಯಾರಿಸುವ ಶೇಂಗಾ ಚಿಕ್ಕಿ, ಬೇಯಿಸಿದ ಕಡಲೆಕಾಳು, ಬಾಳೆಹಣ್ಣು ಆ ಅಂಗಡಿಗಳಲ್ಲೇ ಮಾರಾಟವಾಗಲಿ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳಿಂದಲೇ ಪೊಟ್ಟಣದ ಲೆಕ್ಕ ಓದಿಸೋಣ. ಬೆಳಿಗ್ಗೆ ಉಪವಾಸ ಬರುವ ಮಕ್ಕಳು ಯಾರೆಂಬುದನ್ನು ತಮ್ಮ ವಾರ್ಡಿನಲ್ಲಿ ತಾವೇ ವಿಚಾರಿಸಬೇಕೆಂದು ಕೋರುತ್ತೇನೆ.

ಆ ಹತ್ತು ರೂಪಾಯಿ ತಾಯಿಯ ಬೆವರಿನ ಹಣ. ಅದು ಮಗುವಿನ ಮೈಗೆ ಹತ್ತಲಿ ಎಂದು ಆಶಿಸಿ, ನನ್ನ ಮಾತು ಮುಗಿಸುತ್ತೇನೆ.