ಊರ ತೋಂಟಗಳೂ ಸ್ಥಳೀಯ ಸಂಸ್ಥೆಗಳ ಕರ್ತವ್ಯವೂ

(ಮಹೋತ್ಸವದ ಅನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ



ತೋಂಟವೆಂಬ ಮಾತು ಶರಣ ಪರಂಪರೆಗೆ ಹೊಸದಲ್ಲ. ಕಗ್ಗೆರೆಯ ತೋಂಟದಲ್ಲಿ ದೀರ್ಘಕಾಲ ಶಿವಯೋಗನಿರತರಾಗಿದ್ದ ಸಿದ್ಧಲಿಂಗ ಯತಿಗಳು ಆ ನೆಲದ ಹೆಸರಿನಿಂದಲೆ ತೋಂಟದ ಸಿದ್ಧಲಿಂಗರೆನಿಸಿದರು. ಗದುಗಿನ ಮಠವು ಇಂದಿಗೂ ತೋಂಟದಾರ್ಯ ಮಠವೆಂದೆ ಪ್ರಸಿದ್ಧವಾಗಿರುವುದು. ಹಳೆಯ ಕಾಲದಲ್ಲಿ ದೇವಾಲಯಗಳಿಗೂ ಮಠಗಳಿಗೂ ದತ್ತಿ ಬಿಡುವಾಗ ಗದ್ದೆಯ ಮತ್ತರುಗಳ ಸಂಗಡ ಹೂದೋಂಟ, ಗಾಣ, ಮನೆಯ ನಿವೇಶನಗಳನ್ನು ಎಲ್ಲೆಗಳೊಡನೆ ಕಲ್ಲಿನಲ್ಲಿ ಕಂಡರಿಸುವುದು ಕನ್ನಡನಾಡಿನ ವಾಡಿಕೆಯಾಗಿತ್ತು. ಸಿಂದರು ಹನ್ನೆರಡನೆಯ ಶತಮಾನದಲ್ಲಿ ಆಳಿದ ಈ ಕುರುಗೋಡಿನಲ್ಲಿಯೂ ಅಂದಿನ ಶಾಸನಗಳು ದೊರೆತಿರುವುವು. ಬಿಟ್ಟ ಧರ್ಮವನ್ನು ಕಾಪಾಡಿದವನಿಗೆ ಪುಣ್ಯವನ್ನೂ ಅಳಿದವನಿಗೆ ಪಾಪವನ್ನೂ ಹೇಳಿ ಶಾಸನವನ್ನು ಮುಗಿಸುವುದು ಆ ಕಾಲದ ಪದ್ಧತಿ. ಆ ಶಾಪವಾಕ್ಯವೆ ಅಂದಿನ ಕಾಯಿದೆಯ ಕಾವಲು.

ದೇವರ ತೋಂಟಕ್ಕೆ ಹೀಗೆ ಕಾವಲಿದ್ದಿತು. ಸೇಂದಿ ನೆಲವೂ ಇಲ್ಲದ ಕೂಲಿಯವನ ಮನೆಗೆ ಬೇಕಾದ ಕಾಯಿಪಲ್ಯದ ತೋಂಟಕ್ಕೆ ಕಾವಲು ಯಾವುದು? ಊರಿನ ಆಡಳಿತ ಸಂಸ್ಥೆಯು ಅಂತಹ ನೆಲವನ್ನು ಒದಗಿಸತಕ್ಕುದೊ, ಇಲ್ಲವೆ ಇಷ್ಟವಿದ್ದರೆ ಒದಗಿಸಬಹುದೊ? ಇದೇ ಇಂದಿನ ವಿಷಯ. ‘ತಕ್ಕುದು’ ಮತ್ತು ‘ಬಹುದು’ ಎಂಬ ಈ ಎರಡು ಮಾತುಗಳ ಅಂತರವು ಚಿಕ್ಕದಲ್ಲ. ಶಾಸ್ತ್ರಕಾರರು ಕರ್ಮವನ್ನು ನಿತ್ಯವೆಂದೂ ಕಾಮ್ಯವೆಂದೂ ವಿಂಗಡಿಸಿರುವರು. ಕಾಮ್ಯವನ್ನು ಬಯಸಿದವನು ಮಾಡುವನು, ಬಯಸದವನು ಬಿಡುವನು, ಬಿಟ್ಟವನಿಗೆ ದೋಷವಿಲ್ಲ. ನಿತ್ಯವನ್ನು ಬಿಟ್ಟವನಿಗಾದರೊ ಪ್ರತ್ಯವಾಯವುಂಟು. ಆಳುವವರ ಕಾರ್ಯಗಳಲ್ಲಿಯೂ ಈ ವಿಭಾಗ ಇದ್ದೇ ಇರುವುದು. ಕಾಯಿದೆಯ ಪುಸ್ತಕಗಳು ಅದನ್ನೆ ಕಡ್ಡಾಯದ ಕಾರ್ಯ, ವಿವೇಚನೆಯ ಕಾರ್ಯ ಎಂದು ಕರೆಯುವುವು.

ಬಡವನ ತೋಂಟವನ್ನು ನಿತ್ಯಕರ್ಮದ ಸಾಲಿಗೆ ಸೇರಿಸಿದ ದೇಶವೊಂದುಂಟು, ಅದು ಇಂಗ್ಲೆಂಡು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿಯ ಹಳ್ಳಿಗಳ ಸಾಮುದಾಯಿಕ ಬಯಲುಗಳಿಗೆ ಪಾರ್ಲಿಮೆಂಟಿನ ಕಾಯಿದೆಗಳ ಮೂಲಕವೆ ಬೇಲಿ ಬಿದ್ದಿತು. ಹಸುವೊಂದನ್ನು ಮೇಯಿಸಿಕೊಂಡು ಸೌದೆಯನ್ನು ಆಯ್ದುಕೊಂಡು ಬಾಳುತ್ತಿದ್ದ ಒಕ್ಕಲಿಗನು ಬರಿಯ ಕೂಲಿಯವನಾದನು. ಆ ಅನ್ಯಾಯದ ಪರಿಹಾರಕ್ಕಾಗಿ ಮೊದಲು ದಾನಿಗಳು, ಆಮೇಲೆ ಸರಕಾರದವರು, ಕೂಲಿಯವರಿಗೆ ಸಣ್ಣ ತೋಂಟದ ತುಂಡುಗಳನ್ನು ಗೇಣಿಗೆ ಕೊಡತೊಡಗಿದರು. 1887ರ ಕಾಯಿದೆ ಈ ಭಾರವನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1908ರ ಕಾಯಿದೆ ಅದನ್ನು ಗಟ್ಟಿಗೊಳಿಸಿತು. ಊರಿನ ಆರು ಮಂದಿ ಮತದಾರರು ಅಥವಾ ತೆರಿಗೆದಾರರು ಬರೆದು ಕೇಳಿಕೊಂಡರೆ ಸಂಸ್ಥೆಯು ಅದನ್ನು ವಿಚಾರಿಸಲೇಬೇಕು. ಬೇಡಿಕೆ ನಿಜವೆಂದು ಕಂಡರೆ ಸಾಕಷ್ಟು ತೋಂಟಗಳನ್ನು ಒದಗಿಸಲೇಬೇಕು. 1922ರ ಕಾಯಿದೆಯು ಇಂತಹ ತೋಂಟವು 40 ಕೋಲುಗಳನ್ನು ಮೀರಕೂಡದೆಂದೂ, ಅದರ ಬೆಳೆ ಮುಖ್ಯವಾಗಿ ಬೆಳೆದವನ ಕುಟುಂಬದ ಊಟಕ್ಕೇ ಆಗತಕ್ಕುದೆಂದೂ ವಿಧಿಸಿತು. ತೋಂಟಕ್ಕೆಂದೆ ಕೊಂಡ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರಕೂಡದೆಂದು 1925ರಲ್ಲಿ ನಿರ್ಬಂಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನ ಆಹಾರ ಬರುವುದು ಕಷ್ಟವಾದಾಗ ಆ ದೇಶದಲ್ಲಿ ಸುಮಾರು 14 ಲಕ್ಷ ತೋಂಟಗಳಿದ್ದುವು. ಆ ವಿಧಿಯಲ್ಲಿಯೂ ಕೊರತೆಯುಂಟು: ಇಷ್ಟು ದಿನಗಳೊಳಗೆ ಕೊಡತಕ್ಕುದೆಂಬ ಗಡುವು ಇಲ್ಲದಿರುವುದರಿಂದ ಎಷ್ಟೋ ಮಂದಿ ವರುಷಗಟ್ಟಲೆ ಸರದಿ ಕಾಯುವರು. ಆದರೂ ಕೇಳುವವನು ಅಲ್ಲಿ ಭಿಕ್ಷುಕನಲ್ಲ, ಹಕ್ಕುದಾರನು.

ಅಲ್ಲಿಯ ರೂಢಿಯ ತುಂಡು 10 ಕೋಲು, ಎಂದರೆ ಎರಡೂವರೆ ಗುಂಟೆ. 40 ಕೋಲೆಂದರೆ ಹತ್ತು ಗುಂಟೆ. ಒಂದೆಕರೆಯಲ್ಲಿ ಎರಡೂವರೆ ಗುಂಟೆಯ ಹದಿನಾರು ತುಂಡುಗಳಾಗುವುವು. ಹಾದಿ ಬಾವಿಗಳಿಗೆ ನಾಲ್ಕನ್ನು ಬಿಟ್ಟರೂ ಹನ್ನೆರಡು ಮನೆಗಳ ಪಲ್ಯಕ್ಕೆ ಅಷ್ಟು ನೆಲ ಆಧಾರವಾಗುವುದು.

ಇನ್ನು ಈ ನಾಡಿನ ಕಾಯಿದೆಯನ್ನು ನೋಡಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಗ್ರಾಮ ಪಟ್ಟಣಗಳ ಸ್ವಯಮಾಡಳಿತಕ್ಕೆ ಸ್ಥಿರವಾದ ಪೀಠವನ್ನು ಹಾಕಿದುವು. ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯಗಳೂ, ಹನ್ನೆರಡನೆಯದರಲ್ಲಿ ಪಟ್ಟಣಗಳಿಗೆ 18 ವಿಷಯಗಳೂ ಹೇಳಲ್ಪಟ್ಟಿವೆ. ಉದ್ಯಾನ, ತೋಟ, ಆಟದ ಬಯಲುಗಳು ಎರಡನೆಯ ಪಟ್ಟಿಯಲ್ಲಿರುವುವು. 1993ರ ಕರ್ನಾಟಕ ಪಂಚಾಯಿತಿ ಕಾಯಿದೆಯು ತೋಟಗಾರಿಕೆಯ ಅಭಿವೃದ್ಧಿ, ಬಂಜರು ಭೂಮಿಯ ಸುಧಾರಣೆ, ಗೋಮಾಳದ ಪೋಷಣೆಗಳನ್ನು ಗ್ರಾಮ ಪಂಚಾಯಿತಿಯ ಕಾರ್ಯಗಳಲ್ಲಿ ಎಣಿಸಿದೆ. ಕಡ್ಡಾಯದ ಪಟ್ಟಿಯಲ್ಲಿ ಕುಡಿಯುವ ನೀರು, ಚರಂಡಿ, ಬೀದಿಯ ದೀಪ, ಸಾರ್ವಜನಿಕ ಸ್ಥಳಗಳ ಒತ್ತುವರಿಯ ತೆರವು, ಸಾಮುದಾಯಿಕ ಆಸ್ತಿಗಳ ರಕ್ಷಣೆಗಳು ಬರುವುವು. ಮನೆಬಳಕೆಯ ತೋಂಟ ಬರುವುದಿಲ್ಲ. 1964ರ ಪುರಸಭೆಗಳ ಕಾಯಿದೆಯಲ್ಲಿ ಸಾರ್ವಜನಿಕ ತೋಟವು ವಿವೇಚನೆಯ ಕಾರ್ಯಗಳ ಸಾಲಿನಲ್ಲಿ ನಿಂತಿರುವುದು. ಅಲ್ಲಿಯೂ ತೋಟವೆಂದರೆ ಸಂಜೆಯ ವಿಹಾರದ ತೋಟವೆಂದೇ ರೂಢಿಯ ಅರ್ಥ. ಇದಕ್ಕೆ ಪ್ರತಿಯಾಗಿ 1966ರ ಭೂಕಂದಾಯ ನಿಯಮಗಳು ಪ್ರತಿ ನೂರು ದನಗಳಿಗೆ 12 ಹೆಕ್ಟೇರು ಮೇವಿನ ನೆಲವನ್ನು ಕಾದಿಡತಕ್ಕುದೆಂದು ಅಳತೆಯೊಡನೆ ಹೇಳಿವೆ. ಅದು ಯುಕ್ತವೇ ಸರಿ. ಆದರೆ ದನದ ಹುಲ್ಲಿಗೆ ಅಳತೆಯೊಡನೆ ವಿಧಿಯುಂಟು. ದನ ಕಾಯುವವನ ಮನೆಯ ಸೊಪ್ಪಿಗೆ ವಿಧಿಯಿಲ್ಲ!

ಈ ಕೊರತೆ ಕುರುಗೋಡು ಸೀಮೆಯಲ್ಲಿ ಹೇಗೆ ನಾಟುವುದೆಂಬುದನ್ನು ವಿಚಾರಿಸಬೇಕು. 1800ರಲ್ಲಿ ನಿಜಾಮನಿಂದ ಕಂಪೆನಿಯವರಿಗೆ ಸೇರಿದ ದತ್ತ ಮಂಡಲಗಳಲ್ಲಿ ಬಳ್ಳಾರಿಯೂ ಒಂದು. ಥಾಮಸ್ ಮನ್ರೋ ಅವರು 1807ರವರೆಗೆ ಇಲ್ಲಿ ಕಲೆಕ್ಟರರಾಗಿದ್ದು ರೈತವಾರಿ ಪದ್ಧತಿಗೆ ಅಡಿಗಲ್ಲು ಹಾಕಿದರು. ಒಬ್ಬೊಬ್ಬ ರೈತನ ಹೊಲಕ್ಕೆ ಪ್ರತ್ಯೇಕವಾಗಿ ಕಂದಾಯ ಗೊತ್ತಾಯಿತು. ಕಣ, ಕೆರೆಯಂಗಳ, ಸ್ಮಶಾನ, ದನದ ಮಂದೆಗಳಂತಹ ಊರೊಟ್ಟಿನ ನೆಲವು ಮದರಾಸು ಆಧಿಪತ್ಯದ ಲೆಕ್ಕದಲ್ಲಿ ಪೊರಂಬೋಕು ಎನಿಸಿತು. ಹೊಲದವನಿಗೆ ಪಟ್ಟಾ ಕೈಗೆ ಬಂದಿತು. ಊರೊಟ್ಟಿನ ನೆಲಕ್ಕಾದರೊ ಹೆಸರು ಮಾತ್ರವೆ ಉಳಿಯಿತು, ಕಾಯುವವರು ಕಡಿಮೆಯಾದರು.

1953ರಲ್ಲಿ ಬಳ್ಳಾರಿಯು ಮೈಸೂರು ಸಂಸ್ಥಾನಕ್ಕೆ ಸೇರಿತು. ಅದೇ ವರುಷ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಯಿತು. ಕಾಲುವೆಯ ನೀರು ಬಂದ ಮೇಲೆ ಎರೆಯ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗಳು ಹಬ್ಬಿದುವು. ಸೀಮೆಗೆ ಸಿರಿ ಬಂದುದು ಸತ್ಯ. ಆದರೆ ಹಿಂದೆ ಜೋಳದ ಹೊಲದಲ್ಲಿ ತೊಗರಿ, ಅವರೆ, ಹೆಸರು, ಪುಂಡಿಗಳ ಅಕ್ಕಡಿ ಸಾಲುಗಳಿರುತ್ತಿದ್ದುವು. ಕಳೆ ತೆಗೆಯಲು ಹೋದ ಹೆಂಗಸು ಸಂಜೆ ಮರಳುವಾಗ ಉಡಿಯಲ್ಲಿ ಒಂದು ಹಿಡಿ ಸೊಪ್ಪನ್ನು ತರುವಳು. ಹೊಲದೊಡೆಯನು ಅದನ್ನು ಕೇಳುತ್ತಿರಲಿಲ್ಲ. ಭತ್ತದ ಕೆಸರು ಗದ್ದೆಯಲ್ಲಿ ಅಕ್ಕಡಿಗೆ ಸ್ಥಳವಿಲ್ಲ. ಔಷಧ ಹೊಡೆದ ಹೊಲದ ಸೊಪ್ಪು ಊಟಕ್ಕೆ ಯೋಗ್ಯವಲ್ಲ. ಕಾಲುವೆ ಬಂದುದರಿಂದ ಕೂಲಿಯವಳಿಗೆ ಕೆಲಸ ಹೆಚ್ಚಿತು, ಉಡಿಯ ಸೊಪ್ಪು ಹೋಯಿತು. ಅಂದು ಕೇಳದೆಯೆ ದೊರೆಯುತ್ತಿದ್ದುದನ್ನು ಇಂದು ಸಂತೆಯಲ್ಲಿ ಹಣ ಕೊಟ್ಟು ತರಬೇಕಾಗಿದೆ.

ಇಲ್ಲಿ ಒಂದು ಆಕ್ಷೇಪ ಏಳುವುದು: ಊರೊಟ್ಟಿನ ನೆಲವನ್ನು ತುಂಡು ಮಾಡಿ ಹಂಚಿದರೆ ಅದು ಒತ್ತುವರಿಗೇ ದಾರಿಯಾಗದೆ? ಈ ಶಂಕೆ ಸಾಧುವಾದುದು. ಗ್ರಾಮಗಳ ಸಾಮುದಾಯಿಕ ನೆಲವನ್ನು ಆಕ್ರಮಿಸಿಕೊಂಡವರನ್ನು ತೆರವುಗೊಳಿಸಿ, ಅದನ್ನು ಜನರ ಸಮಾನ ಬಳಕೆಗೆ ಮರಳಿಸುವ ಯೋಜನೆಗಳನ್ನು ಮಾಡಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿರುವುದು. ಊರ ತೋಂಟವು ಈ ತೀರ್ಪಿಗೆ ವಿರೋಧವಾಗಕೂಡದು. ಆದಕಾರಣ ಗೋಮಾಳವನ್ನೂ ಕೆರೆಯಂಗಳವನ್ನೂ ಮುಟ್ಟಲಾಗದು. ತೋಂಟದ ತುಂಡಿಗೆ ಪಟ್ಟಾ ಇರಕೂಡದು, ಮನೆ ಕಟ್ಟಕೂಡದು, ಮಾರಕೂಡದು, ಮಕ್ಕಳಿಗೆ ಪಾಲು ಹಂಚಕೂಡದು. ನೆಲವು ಊರಿನದು, ಬೆಳೆ ಮಾತ್ರ ಬೆಳೆದವನದು. ಉಳುಮೆ ನಿಂತ ವರುಷ ತುಂಡು ಮರಳಿ ಊರಿಗೆ ಸೇರುವುದು.

ಎಷ್ಟು ಸಾಕು ಎಂಬ ಪ್ರಶ್ನೆಗೆ ಶರಣರ ಮನೆಯಲ್ಲಿಯೆ ಉತ್ತರವುಂಟು. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೆ ಸುರಿದು ಬರುವಂತೆ ಲಕ್ಕಮ್ಮನು ಹಿಂದಿರುಗಿಸಿದಳೆಂದು ಪರಂಪರೆ ಹೇಳುವುದು. ತೋಂಟದ ಬೆಳೆ ಮನೆಯ ಊಟಕ್ಕೇ ಆಗತಕ್ಕುದೆಂದು ಇಂಗ್ಲೆಂಡಿನವರು 1922ರಲ್ಲಿ ಕಾಯಿದೆಯಾಗಿ ಬರೆದ ಮಿತಿಯನ್ನು ಆ ತಾಯಿಯು ಎಂಟು ಶತಮಾನಗಳ ಹಿಂದೆಯೆ ಮನೆಯ ಹೊಸ್ತಿಲಲ್ಲಿ ವಿಧಿಸಿದ್ದಳು. ಒಕ್ಕಲಿಗ ಮುದ್ದಣ್ಣನಂತಹವರು ಬೇಸಾಯವನ್ನೆ ಕಾಯಕವಾಗಿಸಿಕೊಂಡು ಶರಣರಾದರು. ಕಾಯಕಕ್ಕೆ ಮೈಯಿದ್ದರೆ ಸಾಲದು, ಕಾಲೂರಲು ನೆಲವೂ ಬೇಕು. ನೆಲವನ್ನು ಕೊಡದೆ ಕಾಯಕವನ್ನು ಬೋಧಿಸುವುದು ಪಾತ್ರೆಯನ್ನು ಕೊಡದೆ ನೀರು ತಾ ಎಂದಂತೆ.

ಕಾಯಿದೆ ಬದಲಾಗುವವರೆಗೆ ಭಕ್ತರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ‘ಬಹುದು’ ಎಂದಿರುವುದನ್ನು ಮಾಡಿಸಲು ಯಾರ ಅಡ್ಡಿಯೂ ಇಲ್ಲ. ಹಳ್ಳಿಗಳವರು ಗ್ರಾಮಸಭೆಯಲ್ಲಿಯೂ ಕುರುಗೋಡು ಪಟ್ಟಣದವರು ಪುರಸಭೆಯ ಮುಂದೆಯೂ ಬರವಣಿಗೆಯಲ್ಲಿ ಕೇಳಲಿ. ಗ್ರಾಮಸಭೆಯ ನಿರ್ಣಯವನ್ನು ಪುಸ್ತಕದಲ್ಲಿ ಬರೆಯಿಸಲಿ. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ನೀರು ಎಲ್ಲಿಂದ, ಯಾವ ಮನೆಗಳಿಗೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿದ ಅರ್ಜಿಯನ್ನು ತಳ್ಳಿಹಾಕುವುದು ಸುಲಭವಲ್ಲ. ವಿಧವೆಯರ, ಮುದುಕರ, ಭೂಹೀನರ ಮನೆಗಳಿಗೆ ಮೊದಲ ಸರದಿ ಸಲ್ಲಲಿ. ಜಾತಿಯನ್ನು ಕೇಳುವ ಸರದಿಯು ಬಸವಣ್ಣನವರ ಹೆಸರನ್ನು ಹೇಳುವವರಿಗೆ ಒಪ್ಪುವುದಿಲ್ಲ.

ಬೇರೆಯವರಿಗೆ ಕರ್ತವ್ಯವನ್ನು ಹೇಳುವ ಮುನ್ನ ಮಠವೂ ತನ್ನ ಕರ್ತವ್ಯವನ್ನು ನೋಡಿಕೊಳ್ಳತಕ್ಕುದು. ಗೇಣಿದಾರರು ಉಳುತ್ತಿದ್ದ ಮಠಮಾನ್ಯಗಳ ಹೊಲಗಳು 1974ರ ಭೂಸುಧಾರಣೆಯಿಂದ ಉಳುವವರಿಗೆ ಸೇರಿದುವು; ಉಳಿದುದು ಸ್ವಲ್ಪ. ಆ ಸ್ವಲ್ಪದಲ್ಲಿಯೆ ಒಂದೆಕರೆಯನ್ನು ಈ ಮಹೋತ್ಸವದ ನೆನಪಿಗಾಗಿ ಹನ್ನೆರಡು ಮನೆಗಳ ತೋಂಟವಾಗಿ ಬಿಟ್ಟುಕೊಟ್ಟರೆ, ಅನ್ನದಾಸೋಹಕ್ಕೆ ನೆಲದ ದಾಸೋಹವೂ ಜೊತೆಗೂಡುವುದು. ಪಂಚಾಯಿತಿ ಪುರಸಭೆಗಳನ್ನು ಕೇಳುವ ಭಕ್ತರ ಬಾಯಿಗೂ ಬಲ ಬರುವುದು. ಅರ್ಜಿಗೆ ಬೇಕಾದುದು ಇಂಗ್ಲೆಂಡಿನ ಕಾಯಿದೆಯಂತೆ ಆರು ಹೆಸರು. ಈ ಸಭೆಯಲ್ಲಿ ನೂರಾರು ಮಂದಿ ಕುಳಿತಿರುವರು.

ಸರ್ವರಿಗೂ ಲೇಸಾಗಲಿ. ಇತಿ ಶಿವಂ.