ಕಳ್ಳ ಕಡಲಿನ ಸುಳಿವು

ನಮ್ಮ ನಲ್ಲೂರಿಗೆ ಕಡಲು ಬಹು ದೂರ. ನಮಗೆ ತೆರೆಯೆಂದರೆ ಸೂಳೆಕೆರೆಯ ತೆರೆಯೇ. ಆಷಾಢದ ಗಾಳಿ ಎದ್ದ ದಿನ ಚನ್ನಗಿರಿ ತಾಲ್ಲೂಕಿನ ಆ ಹಿರಿಯ ಕೆರೆಯ ಏರಿಯ ಮೇಲೆ ನಿಂತವರು, ತೆರೆಗಳು ಕಲ್ಲಿಗೆ ಬಡಿಯುವುದನ್ನು ಕಂಡಿರುತ್ತಾರೆ. ಗಾಳಿ ನಿಂತಿತೋ, ತುಸು ಹೊತ್ತಿನಲ್ಲಿ ಕೆರೆಯೂ ಸುಮ್ಮನಾಗುತ್ತದೆ. ಗಾಳಿಯಿಲ್ಲದೆ ತೆರೆಯಿಲ್ಲವೆಂಬುದು ಕೆರೆ ಕಲಿಸುವ ಪಾಠ.

ಕಡಲಿನಲ್ಲಿ ಈ ಪಾಠವನ್ನು ನಂಬಿದರೆ ಮೋಸಹೋದೇವು. ಗಾಳಿಯ ಸುಳಿವಿಲ್ಲ, ಆಕಾಶ ಶುಭ್ರ; ಆದರೂ ಒಮ್ಮೆಲೇ ದೊಡ್ಡ ತೆರೆಗಳು ದಡವೇರಿ ಮನೆಯಂಗಳಕ್ಕೆ ನುಗ್ಗುವುದುಂಟು. ಕೇರಳದ ಬೆಸ್ತರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು. ನಮಗೂ ಅರ್ಥವಾಗುವ ಮಾತೇ. 2012ರಲ್ಲಿ ಯುನೆಸ್ಕೋ ಈ ಹೆಸರನ್ನೇ ಶಾಸ್ತ್ರದ ಬಳಕೆಗೆ ಒಪ್ಪಿಕೊಂಡಿತು. 2024ರ ಮಾರ್ಚ್ 31ರಂದು ಕೇರಳದ ಕರಾವಳಿಯ ಊರುಗಳಿಗೆ ಹೀಗೆಯೇ ನೀರು ನುಗ್ಗಿತು.

ಈ ಕಳ್ಳ ಬರುವುದೆಲ್ಲಿಂದ? ಹಿಂದೂ ಮಹಾಸಾಗರದ ದಕ್ಷಿಣದ ತುದಿಯಿಂದ. ಅಲ್ಲಿ ಬಿರುಗಾಳಿಯೆಬ್ಬಿಸಿದ ತೆರೆಗಳು ಗಾಳಿಯನ್ನು ಹಿಂದೆ ಬಿಟ್ಟು ಉತ್ತರಕ್ಕೆ ಹೊರಡುತ್ತವೆ. ಒಂದು ತೆರೆಗೂ ಮುಂದಿನ ತೆರೆಗೂ 18 ಸೆಕೆಂಡು ಅಂತರವಿದ್ದರೆ, ಆಳದ ನೀರಿನಲ್ಲಿ ಆ ತೆರೆಗಳ ಗುಂಪು ಗಂಟೆಗೆ ಸುಮಾರು 50 ಕಿಲೋಮೀಟರು ಸಾಗುತ್ತದೆ. ಎಂಟು ಸಾವಿರ ಕಿಲೋಮೀಟರು ದಾಟಲು ಹೆಚ್ಚುಕಡಿಮೆ ಒಂದು ವಾರ. 1963ರಲ್ಲಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ಇಂಥ ತೆರೆಗಳನ್ನು ದಕ್ಷಿಣದ ಸಾಗರದಿಂದ ಅಲಾಸ್ಕದವರೆಗೆ ಬೆನ್ನಟ್ಟಿ ಅಳೆದರು.

ಆ ಒಂದು ವಾರವೇ ನಮಗೆ ಸಿಗುವ ಅವಕಾಶ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಗಾಳಿಯ ಲೆಕ್ಕವನ್ನು ಗಣಕಯಂತ್ರಕ್ಕೆ ಕೊಟ್ಟು, ಮುಂದಿನ ದಿನಗಳಲ್ಲಿ ತೆರೆ ಎಷ್ಟು ಎತ್ತರವಿದ್ದೀತೆಂದು ಹೇಳುತ್ತದೆ. ಆದರೆ ಲೆಕ್ಕ ಲೆಕ್ಕವೇ. ಕಡಲು ಅದನ್ನು ಒಪ್ಪಿತೇ ಎಂದು ಕಡಲನ್ನೇ ಕೇಳಬೇಕು.

ಅದಕ್ಕಾಗಿ ಕೊಲ್ಲಂ, ಕೋಳಿಕ್ಕೋಡು, ನಮ್ಮ ಕಾರವಾರ ಮೊದಲಾದ ಕಡೆಗಳಲ್ಲಿ ಲಂಗರು ಹಾಕಿದ ಗುಂಡನೆಯ ತೇಲುಯಂತ್ರಗಳನ್ನು ಬಿಟ್ಟಿದ್ದಾರೆ. ತೆರೆಯೊಡನೆ ಏರಿಳಿಯುವಾಗ ಒಳಗಿನ ಉಪಕರಣ ಆ ಕುಲುಕಾಟವನ್ನು ಅಳೆಯುತ್ತದೆ. ಅದರಿಂದ ತೆರೆಯ ಎತ್ತರವೂ ಅಂತರವೂ ತಿಳಿಯುತ್ತವೆ. ಸುದ್ದಿ ಆಗಿಂದಾಗಲೇ ದಡ ಸೇರುತ್ತದೆ. ಎಲ್ಲ ತೆರೆಗಳಲ್ಲಿ ಎತ್ತರವಾದ ಮೂರನೆಯ ಒಂದು ಪಾಲನ್ನು ಆರಿಸಿ ತೆಗೆದ ಸರಾಸರಿಗೆ ಹೆಚ್ಚು ಬೆಲೆ. ಮುನ್ಸೂಚನೆಯಲ್ಲಿ 'ಎರಡು ಮೀಟರು' ಎಂದರೆ ಅದೇ. ಒಂದೊಂದು ತೆರೆ ಅದಕ್ಕಿಂತ ಬಹಳ ಎತ್ತರವಿದ್ದೀತೆಂಬುದನ್ನು ಕೇಳುವವರು ಮರೆಯಬಾರದು.

ಉದ್ದನೆಯ ತೆರೆಗಳ ನಡಿಗೆ ಚುರುಕು. ಅವೇ ಮೊದಲು ಬರುತ್ತವೆ. ಅಳತೆಯಲ್ಲಿ ತೆರೆಯಿಂದ ತೆರೆಗೆ ಅಂತರ ಇದ್ದಕ್ಕಿದ್ದಂತೆ ಹೆಚ್ಚಿತೆಂದರೆ, ಹಿಂದೆ ಬೇರೆಯವೂ ಬರುತ್ತಿವೆಯೆಂದು ತಿಳಿಯಬೇಕು. ದಕ್ಷಿಣದಿಂದ ಬರುವ ತೆರೆ ಕೊಲ್ಲಂ ಮುಟ್ಟಿದ ಮೇಲೆ ಕಾರವಾರಕ್ಕೆ ಇನ್ನೂ ಕೆಲವು ಗಂಟೆಗಳಿರುತ್ತವೆ. ಲೆಕ್ಕ ತಪ್ಪಿದ್ದರೆ ತಿದ್ದಲು ಅಷ್ಟು ಹೊತ್ತು ಸಾಲದೆ?

ಇಷ್ಟು ಕಷ್ಟ ಏಕೆಂದು ಕೇಳಿದರೆ ಗಂಗೊಳ್ಳಿಯ ಅಳಿವೆಯನ್ನು ನೆನೆಯಬೇಕು. ನದಿ ಕಡಲು ಸೇರುವಲ್ಲಿ ನೀರಿನ ಆಳ ಕಡಿಮೆ. ದೂರದಿಂದ ಬಂದ ತೆರೆ ಅಲ್ಲಿ ಎತ್ತರಿಸಿ ಮುರಿಯುತ್ತದೆ. ದೋಣಿ ಮಗುಚುವ ಜಾಗವದು. ಹೋಗಬೇಡವೆಂದರೆ ಆ ದಿನದ ಸಂಪಾದನೆ ಹೋಯಿತು. ಹೋಗೆಂದರೆ ಜೀವದ ಭಯ. ಎರಡು ಸಲ ಸುಮ್ಮನೆ ಹೆದರಿಸಿದ ಎಚ್ಚರಿಕೆಯನ್ನು ಮೂರನೆಯ ಸಲ ಯಾರು ನಂಬುತ್ತಾರೆ? ತೇಲುಯಂತ್ರ ಉಳಿಸಿಕೊಡುವುದು ಈ ನಂಬಿಕೆಯನ್ನು.

ಮುಂದೆ ನಿಮ್ಮ ರೇಡಿಯೋದಲ್ಲಿ, 'ಮೀನುಗಾರರು ಕಡಲಿಗಿಳಿಯಬಾರದು' ಎಂಬ ಮಾತು ಬಂದಾಗ, ನಮಗೇಕೆ ಎಂದು ತಿರುಗುಣಿ ತಿರುಗಿಸಬೇಡಿ. ಒಂದು ಕ್ಷಣ ನಿಲ್ಲಿ. ಆ ಮಾತಿನ ಹಿಂದೆ, ಎಲ್ಲೋ ಕಡಲಿನ ನಡುವೆ ಒಂಟಿಯಾಗಿ ಏರಿಳಿಯುತ್ತಿರುವ ಒಂದು ಗುಂಡಿದೆ. ಆ ಮಾತಿನ ಮುಂದೆ, ದೋಣಿಗೆ ಕೈಯಿಟ್ಟು ಯೋಚಿಸುತ್ತಿರುವ ಒಬ್ಬ ಮನುಷ್ಯನಿದ್ದಾನೆ.